ಸ್ತನದ ಎಂಆರ್‌ಐ ಬರೆದುಕೊಟ್ಟಿದ್ದಾರೆಯೇ? ಆ ಮುಕ್ಕಾಲು ಗಂಟೆಯಲ್ಲಿ ಏನಾಗುತ್ತದೆ, ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ?

ಡಾಕ್ಟರ್ ಚೀಟಿಯಲ್ಲಿ ‘ಎಂಆರ್‌ಐ ಬ್ರೆಸ್ಟ್ ವಿತ್ ಕಾಂಟ್ರಾಸ್ಟ್’ ಎಂದು ಬರೆದುಕೊಟ್ಟಿದ್ದಾರೆ. ಮನೆಗೆ ಬರುವ ದಾರಿಯಲ್ಲೇ ಫೋನ್ ತೆಗೆದು ಹುಡುಕುತ್ತೀರಿ, ಇಲ್ಲವೇ ಫ್ಯಾಮಿಲಿ ಗ್ರೂಪ್‌ನಲ್ಲಿ ಕೇಳುತ್ತೀರಿ. ಸ್ವಲ್ಪ ಹೊತ್ತಿಗೆ ಉತ್ತರಗಳು ಬಂದು ಬೀಳುತ್ತವೆ. ‘ಅದರಲ್ಲಿ ರೇಡಿಯೇಷನ್ ಜಾಸ್ತಿ, ಇಲ್ಲದ ಕ್ಯಾನ್ಸರ್ ಕೂಡ ಬರುತ್ತದೆ.’ ‘ಎಂಆರ್‌ಐ ಬರೆದಿದ್ದಾರೆ ಎಂದರೆ ಕ್ಯಾನ್ಸರ್ ಗ್ಯಾರಂಟಿ, ನಿಮಗೆ ಹೇಳಿಲ್ಲ ಅಷ್ಟೆ.’ ‘ಡೈ ಹಾಕಿದರೆ ಕಿಡ್ನಿ ಹೋಗುತ್ತದೆ.’ ‘ಸೂಜಿ ಚುಚ್ಚಿಸಿಕೊಂಡರೆ ಗಂಟು ಹರಡುತ್ತದೆ.’

ಇಂಥ ಮಾತು ಓದಿ ಯಾರಾದರೂ ಸ್ಕ್ಯಾನ್ ಅನ್ನು ಎರಡು ತಿಂಗಳು ಮುಂದಕ್ಕೆ ಹಾಕಿದರೆ ಆಗುವ ನಷ್ಟ ದೊಡ್ಡದು. ಹಾಗಾಗಿ ಈ ನಾಲ್ಕನ್ನೂ ಒಂದೊಂದಾಗಿ ಪರಿಶೀಲಿಸಿದ್ದೇವೆ. ಜೊತೆಗೆ ಸ್ಕ್ಯಾನ್ ಕೊಠಡಿಯೊಳಗೆ ಏನೇನು ನಡೆಯುತ್ತದೆ ಎಂಬುದನ್ನೂ ವಿವರಿಸಿದ್ದೇವೆ. ಬರೆಯುವಾಗ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದಲ್ಲಿ ದುಡಿಯುವ ಓದುಗರು ನಮ್ಮ ಮನಸ್ಸಿನಲ್ಲಿದ್ದರು. ಅದಕ್ಕೆ ಕಾರಣವಿದೆ: ನೀವು ಮಾಡುವ ಕೆಲಸಕ್ಕೂ ಈ ಸ್ಕ್ಯಾನ್‌ನ ಸುರಕ್ಷತೆಗೂ ನೇರ ಸಂಬಂಧವಿದೆ.

ಚುಟುಕಾಗಿ ಹೇಳುವುದಾದರೆ

• ಎಂಆರ್‌ಐನಲ್ಲಿ ಎಕ್ಸ್‌ರೇ ಇಲ್ಲ. ಅದರಿಂದ ಕ್ಯಾನ್ಸರ್ ಬರುವುದಿಲ್ಲ.
• ಎಂಆರ್‌ಐ ಬರೆದರು ಎಂದ ಮಾತ್ರಕ್ಕೆ ಕ್ಯಾನ್ಸರ್ ಇದೆ ಎಂದು ಅರ್ಥವಲ್ಲ. ಎಂಆರ್‌ಐ ಒಂದರಿಂದಲೇ ಕ್ಯಾನ್ಸರ್ ಖಚಿತವೂ ಆಗುವುದಿಲ್ಲ.
• ನಿಜವಾದ ಅಪಾಯ ಇರುವುದು ಅಯಸ್ಕಾಂತ ಮತ್ತು ಲೋಹ ಒಂದಾದಾಗ. ಸ್ಕ್ಯಾನ್‌ಗೆ ಮೊದಲು ಕೊಡುವ ಪ್ರಶ್ನೆಗಳ ಹಾಳೆಗೆ ನಿಜ ಉತ್ತರ ಕೊಡುವುದೇ ನೀವು ಮಾಡಬೇಕಾದ ಅತಿ ಮುಖ್ಯ ಕೆಲಸ.

ಈ ಸ್ಕ್ಯಾನ್ ಯಾರಿಗೆ ಬರೆಯುತ್ತಾರೆ?

ಸ್ತನದಲ್ಲಿ ಗಂಟು ಸಿಕ್ಕಿತು ಎಂದು ಹೋದವರಿಗೆ ಮೊದಲು ಎಂಆರ್‌ಐ ಮಾಡಿಸುವುದಿಲ್ಲ. ಡಾಕ್ಟರ್ ಕೈಯಿಂದ ಪರೀಕ್ಷೆ ಮಾಡುತ್ತಾರೆ. ನಂತರ ವಯಸ್ಸು ನೋಡಿಕೊಂಡು ಮ್ಯಾಮೋಗ್ರಾಮ್, ಅಲ್ಟ್ರಾಸೌಂಡ್ ಅಥವಾ ಎರಡೂ ಆಗುತ್ತವೆ. ಹೆಚ್ಚಿನವರ ಪ್ರಶ್ನೆಗೆ ಅಲ್ಲಿಯೇ ಉತ್ತರ ಸಿಗುತ್ತದೆ. ಎಂಆರ್‌ಐ ಬರುವುದು ಆಮೇಲೆ, ಕೆಲವು ನಿರ್ದಿಷ್ಟ ಕಾರಣಗಳಿಗೆ.

ಈಗಾಗಲೇ ಕ್ಯಾನ್ಸರ್ ಪತ್ತೆಯಾಗಿದ್ದರೆ ಅದು ಎಷ್ಟು ಜಾಗದಲ್ಲಿದೆ, ಇನ್ನೊಂದು ಸ್ತನದಲ್ಲೂ ಇದೆಯೇ ಎಂದು ನೋಡಲು ಬರೆಯುತ್ತಾರೆ. ಆಪರೇಷನ್‌ಗೆ ಮೊದಲು ಕೀಮೋಥೆರಪಿ ಕೊಟ್ಟಿದ್ದರೆ ಗಡ್ಡೆ ಕರಗಿದೆಯೇ ಎಂದು ಅಳೆಯಲು ಬರೆಯುತ್ತಾರೆ. ಕಂಕುಳಲ್ಲಿ ಕ್ಯಾನ್ಸರ್ ಗಂಟು ಸಿಕ್ಕಿ, ಮ್ಯಾಮೋಗ್ರಾಮ್‌ನಲ್ಲಿ ಸ್ತನದಲ್ಲಿ ಏನೂ ಕಾಣದೇ ಹೋದಾಗಲೂ ಬೇಕಾಗುತ್ತದೆ. ಸಿಲಿಕೋನ್ ಇಂಪ್ಲಾಂಟ್ ಒಡೆದಿದೆಯೇ ಎಂದು ನೋಡಲೂ ಇದೇ ಸ್ಕ್ಯಾನ್. ಅದಕ್ಕೆ ಸಾಮಾನ್ಯವಾಗಿ ಡೈ ಬೇಕಾಗುವುದಿಲ್ಲ.

ಇವರೆಲ್ಲರಿಗಿಂತ ಬೇರೆಯಾದ ಇನ್ನೊಂದು ಗುಂಪಿದೆ. ಯಾವ ತೊಂದರೆಯೂ ಇಲ್ಲದಿದ್ದರೂ ಅಪಾಯ ಹೆಚ್ಚಿರುವವರು ಇವರು. ಬಿಆರ್‌ಸಿಎ1 ಅಥವಾ ಬಿಆರ್‌ಸಿಎ2 ಎಂಬ ವಂಶವಾಹಿಯಲ್ಲಿ ದೋಷ ಇರುವವರು, ತಾಯಿ, ಅಕ್ಕತಂಗಿಯರಲ್ಲಿ ಹಲವರಿಗೆ ಚಿಕ್ಕ ವಯಸ್ಸಿನಲ್ಲೇ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿರುವವರು, ಹರೆಯದಲ್ಲಿ ಎದೆಗೆ ರೇಡಿಯೇಷನ್ ಚಿಕಿತ್ಸೆ ಪಡೆದವರು. ಇಂಥವರಿಗೆ ವರ್ಷಕ್ಕೊಮ್ಮೆ ಎಂಆರ್‌ಐ ಮಾಡಿಸಿ ಎನ್ನುತ್ತಾರೆ.

ಒಟ್ಟಿನಲ್ಲಿ ಚೀಟಿಯಲ್ಲಿ ಎಂಆರ್‌ಐ ಎಂದು ಬರೆದಿರುವುದಕ್ಕೆ ಹಲವು ಅರ್ಥಗಳಿವೆ. ನಿಮಗೆ ಯಾಕೆ ಬರೆದಿದ್ದಾರೆ ಎಂದು ತಿಳಿಯದಿದ್ದರೆ ಗ್ರೂಪ್‌ನಲ್ಲಿ ಕೇಳುವ ಬದಲು ಡಾಕ್ಟರನ್ನೇ ಕೇಳಿ: ‘ಈ ಸ್ಕ್ಯಾನ್‌ನಿಂದ ನೀವು ಏನನ್ನು ತಿಳಿಯಬೇಕು ಅಂತಿದ್ದೀರಿ? ಅದು ತಿಳಿದರೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?’

ರೇಡಿಯೇಷನ್ ಇಲ್ಲ ಎಂದರೆ ಯಂತ್ರ ಕೆಲಸ ಮಾಡುವುದು ಹೇಗೆ?

ನಮ್ಮ ಮೈಯ ಹೆಚ್ಚಿನ ಪಾಲು ನೀರು. ನೀರಿನ ಪ್ರತಿ ಕಣದಲ್ಲೂ ಹೈಡ್ರೋಜನ್ ಇದೆ. ಎಂಆರ್‌ಐ ಯಂತ್ರದ ದೊಡ್ಡ ಅಯಸ್ಕಾಂತದೊಳಗೆ ಹೋದಾಗ ಈ ಹೈಡ್ರೋಜನ್ ಪರಮಾಣುಗಳ ನಡುವಿನ ಬೀಜಗಳು ದಿಕ್ಸೂಚಿಯ ಮುಳ್ಳಿನಂತೆ ವರ್ತಿಸುತ್ತವೆ. ಯಂತ್ರ ಒಂದು ರೇಡಿಯೊ ಅಲೆ ಕಳಿಸಿ ಅವನ್ನು ಅಲುಗಿಸುತ್ತದೆ. ಅಲೆ ನಿಂತಾಗ ಅವು ಮೊದಲಿನ ಸ್ಥಿತಿಗೆ ಮರಳುತ್ತಾ ತಾವೂ ಒಂದು ಸಣ್ಣ ಸಂಕೇತ ಹೊರಡಿಸುತ್ತವೆ. ಕೊಬ್ಬು, ಹಾಲಿನ ಗ್ರಂಥಿ, ನೀರುಗುಳ್ಳೆ, ಗಡ್ಡೆ ಪ್ರತಿಯೊಂದರ ಸಂಕೇತವೂ ಸ್ವಲ್ಪ ಬೇರೆ. ಕಂಪ್ಯೂಟರ್ ಇದನ್ನೆಲ್ಲ ಸೇರಿಸಿ ಚಿತ್ರ ಮಾಡುತ್ತದೆ.

ಇಲ್ಲಿ ಬಳಸುವುದು ರೇಡಿಯೊ ಅಲೆ. ಕ್ಯಾಬ್‌ನಲ್ಲಿ ನೀವು ಕೇಳುವ ಎಫ್‌ಎಂ 88ರಿಂದ 108 ಮೆಗಾಹರ್ಟ್ಸ್ ನಡುವೆ ಇರುತ್ತದೆ. ಸಾಮಾನ್ಯವಾಗಿ ಬಳಸುವ 1.5 ಟೆಸ್ಲಾ ಎಂಆರ್‌ಐ ಯಂತ್ರದ ಅಲೆ ಸುಮಾರು 64 ಮೆಗಾಹರ್ಟ್ಸ್. ಜೀವಕೋಶದ ಡಿಎನ್‌ಎ ಮುರಿಯುವಷ್ಟು ಶಕ್ತಿ ಈ ಅಲೆಗಳಿಗಿಲ್ಲ. ಮೈ ಸ್ವಲ್ಪ ಬೆಚ್ಚಗಾದ ಹಾಗೆ ಅನ್ನಿಸಬಹುದು, ಅಷ್ಟೆ. ಎಕ್ಸ್‌ರೇ ಇರುವುದು ಮ್ಯಾಮೋಗ್ರಾಮ್ ಮತ್ತು ಸಿ.ಟಿ. ಸ್ಕ್ಯಾನ್‌ನಲ್ಲಿ. ಹಾಗೆಂದು ಮ್ಯಾಮೋಗ್ರಾಮ್‌ಗೂ ಹೆದರಬೇಕಿಲ್ಲ. ಒಂದು ಮ್ಯಾಮೋಗ್ರಾಮ್‌ನ ರೇಡಿಯೇಷನ್ ಸುಮಾರು 0.4 ಮಿಲಿಸೀವರ್ಟ್. ಮಣ್ಣು, ಗಾಳಿ, ಆಕಾಶದಿಂದ ನಮಗೆಲ್ಲ ಸಹಜವಾಗಿಯೇ ಏಳೆಂಟು ವಾರಗಳಲ್ಲಿ ತಗಲುವಷ್ಟು ಅದು.

ಅಂದಹಾಗೆ, ಈ ಯಂತ್ರ ನಮ್ಮ ಊರಿಗೆ ಅಪರಿಚಿತವೇನಲ್ಲ. ದೇಶದಲ್ಲೇ ಅಭಿವೃದ್ಧಿಪಡಿಸಿದ ಮೊದಲ ಎಂಆರ್‌ಐ ಯಂತ್ರ ಎಂದು 2023ರಲ್ಲಿ ಸುದ್ದಿಯಾದದ್ದು ಬೆಂಗಳೂರಿನ ವಾಕ್ಸೆಲ್‌ಗ್ರಿಡ್ಸ್ ಕಂಪನಿಯದು.

ಹಾಗಾದರೆ ಅಪಾಯ ಎಲ್ಲಿದೆ?

ಅಪಾಯ ಇರುವುದು ಅಯಸ್ಕಾಂತದಲ್ಲಿ. 1.5 ಟೆಸ್ಲಾ ಎಂದರೆ ಭೂಮಿಯ ಕಾಂತಶಕ್ತಿಗಿಂತ ಸುಮಾರು 30 ಸಾವಿರ ಪಟ್ಟು. ಅತಿ ತಣ್ಣನೆಯ ದ್ರವ ಹೀಲಿಯಂನಲ್ಲಿಟ್ಟ ತಂತಿಸುರುಳಿಯಿಂದ ಈ ಶಕ್ತಿ ಬರುತ್ತದೆ. ಆದ್ದರಿಂದ ಸ್ಕ್ಯಾನ್ ಮುಗಿದರೂ, ರಾತ್ರಿಯಾದರೂ, ಕರೆಂಟ್ ಹೋದರೂ ಅಯಸ್ಕಾಂತ ಆಫ್ ಆಗುವುದಿಲ್ಲ. ‘ಈಗ ಯಂತ್ರ ಓಡುತ್ತಿಲ್ಲವಲ್ಲ’ ಎಂದುಕೊಂಡು ಒಳಗೆ ನುಗ್ಗುವಂತಿಲ್ಲ.

2018ರ ಜನವರಿಯಲ್ಲಿ ಮುಂಬೈನ ನಾಯರ್ ಆಸ್ಪತ್ರೆಯಲ್ಲಿ ರೋಗಿಯ ಸಂಬಂಧಿಕರೊಬ್ಬರು ಆಮ್ಲಜನಕದ ಸಿಲಿಂಡರ್ ಹಿಡಿದು ಎಂಆರ್‌ಐ ಕೊಠಡಿಗೆ ಹೋದರು. ಯಂತ್ರ ಸಿಲಿಂಡರನ್ನು ಸೆಳೆದುಕೊಂಡಿತು. ಜೊತೆಗೆ ಅವರೂ ಸೆಳೆಯಲ್ಪಟ್ಟು ಪ್ರಾಣ ಕಳೆದುಕೊಂಡರು. ಅವರು ರೋಗಿಯಲ್ಲ, ಜೊತೆಗೆ ಬಂದವರು ಎಂಬುದನ್ನು ಗಮನಿಸಿ. ಲೋಹದ ನಿಯಮ ಕೊಠಡಿಯ ಬಾಗಿಲು ದಾಟುವ ಎಲ್ಲರಿಗೂ ಅನ್ವಯಿಸುತ್ತದೆ.

ಇದಕ್ಕಾಗಿಯೇ ಸ್ಕ್ಯಾನ್‌ಗೆ ಮೊದಲು ಒಂದು ಹಾಳೆ ಕೊಟ್ಟು ಪ್ರಶ್ನೆ ಕೇಳುತ್ತಾರೆ. ಪೇಸ್‌ಮೇಕರ್ ಇದೆಯೇ? ಮೆದುಳಿನ ಆಪರೇಷನ್‌ನಲ್ಲಿ ಕ್ಲಿಪ್ ಹಾಕಿದ್ದಾರೆಯೇ? ಕಿವಿಯೊಳಗೆ ಕಾಕ್ಲಿಯರ್ ಯಂತ್ರ ಇದೆಯೇ? ಸ್ತನ ಮರುಜೋಡಣೆಗೆಂದು ಚರ್ಮ ಹಿಗ್ಗಿಸುವ ಚೀಲ ಇಟ್ಟಿದ್ದಾರೆಯೇ? (ಕೆಲವು ಚೀಲಗಳಲ್ಲಿ ಅಯಸ್ಕಾಂತ ಇರುತ್ತದೆ.) ಮೂಳೆಗೆ ಪ್ಲೇಟ್, ಸ್ಕ್ರೂ ಹಾಕಿದ್ದಾರೆಯೇ? ಕಾಪರ್-ಟಿ ಇದೆಯೇ? ಇವುಗಳಲ್ಲಿ ಹಲವು ಇದ್ದರೂ ಸ್ಕ್ಯಾನ್ ಮಾಡಬಹುದು. ಕಾಪರ್-ಟಿ, ಹಲ್ಲಿನ ಫಿಲ್ಲಿಂಗ್, ಟೈಟಾನಿಯಂ ಪ್ಲೇಟ್ ಸಾಮಾನ್ಯವಾಗಿ ಅಡ್ಡಿಯಲ್ಲ. ಈಗಿನ ಕೆಲವು ಪೇಸ್‌ಮೇಕರ್‌ಗಳಿಗೂ ವಿಶೇಷ ಎಚ್ಚರಿಕೆಯೊಂದಿಗೆ ಸ್ಕ್ಯಾನ್ ಸಾಧ್ಯ. ಆದರೆ ಯಾವುದು ಸರಿ, ಯಾವುದು ತಪ್ಪು ಎಂದು ತೀರ್ಮಾನಿಸುವುದು ಅವರ ಕೆಲಸ. ಹೇಳುವುದು ನಮ್ಮ ಕೆಲಸ. ಹಳೆಯ ಆಪರೇಷನ್‌ನ ಡಿಸ್ಚಾರ್ಜ್ ಸಮ್ಮರಿ ಇದ್ದರೆ ತೆಗೆದುಕೊಂಡು ಹೋಗಿ.

ಪೀಣ್ಯದವರಿಗೆ ಒಂದು ಮುಖ್ಯ ಪ್ರಶ್ನೆ

ಆ ಹಾಳೆಯಲ್ಲಿ ಹೆಚ್ಚಿನವರು ಓದದೆಯೇ ‘ಇಲ್ಲ’ ಎಂದು ಗೀಟು ಹಾಕುವ ಒಂದು ಪ್ರಶ್ನೆ ಇರುತ್ತದೆ: ‘ನಿಮ್ಮ ಕಣ್ಣಿಗೆ ಯಾವತ್ತಾದರೂ ಲೋಹದ ಚೂರು ಹೊಕ್ಕಿತ್ತೇ?’

ಪೀಣ್ಯ ಏಷ್ಯಾದ ದೊಡ್ಡ ಕೈಗಾರಿಕಾ ವಸಾಹತುಗಳಲ್ಲಿ ಒಂದು. ಲೇತ್, ಗ್ರೈಂಡಿಂಗ್, ವೆಲ್ಡಿಂಗ್, ಶೀಟ್ ಮೆಟಲ್ ಶೆಡ್‌ಗಳು ಅಲ್ಲಿ ಬೀದಿಬೀದಿಗೂ ಇವೆ. ಗ್ರೈಂಡಿಂಗ್ ಮಾಡುವಾಗ ಕಣ್ಣಿಗೆ ಕಿಡಿ ಹಾರುವುದು, ಅದನ್ನು ತೆಗೆಸಿಕೊಂಡು ಮರುದಿನ ಶಿಫ್ಟ್‌ಗೆ ಬರುವುದು ಅಲ್ಲಿಯವರಿಗೆ ಹೊಸದಲ್ಲ. ಹತ್ತು ವರ್ಷದ ನಂತರ ಅದು ನೆನಪಿಗೂ ಬರುವುದಿಲ್ಲ. ಆದರೆ ಕಬ್ಬಿಣದ ಸಣ್ಣ ಚೂರು ಕಣ್ಣಿನೊಳಗೇ ಉಳಿದಿದ್ದರೆ ಅಯಸ್ಕಾಂತ ಅದನ್ನು ಅಲುಗಿಸಬಲ್ಲದು. ಅಮೆರಿಕದಲ್ಲಿ ಹಿಂದೆ ಶೀಟ್ ಮೆಟಲ್ ಕೆಲಸ ಮಾಡುತ್ತಿದ್ದ ಒಬ್ಬರಿಗೆ ಹೀಗೆಯೇ ಆಯಿತು. ಕಣ್ಣಿನಲ್ಲಿದ್ದ ಕೆಲವೇ ಮಿಲಿಮೀಟರ್‌ನ ಚೂರು ಎಂಆರ್‌ಐನಲ್ಲಿ ಸರಿದು, ಒಳಗೆ ರಕ್ತಸ್ರಾವವಾಗಿ, ಆ ಕಣ್ಣಿನ ದೃಷ್ಟಿ ಹೋಯಿತು. 1986ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಇದು ದಾಖಲಾದ ಮೇಲೆ ಈ ಪ್ರಶ್ನೆಯನ್ನು ಜಗತ್ತಿನಾದ್ಯಂತ ಕೇಳುತ್ತಾರೆ.

ಅನುಮಾನ ಇದ್ದರೆ ‘ಹೌದು, ಒಮ್ಮೆ ಹೊಕ್ಕಿತ್ತು’ ಎಂದು ಹೇಳಿ. ಆಗ ಕಣ್ಣಿನ ಭಾಗದ ಒಂದು ಎಕ್ಸ್‌ರೇ ತೆಗೆದು, ಏನೂ ಉಳಿದಿಲ್ಲ ಎಂದಾದರೆ ಸ್ಕ್ಯಾನ್‌ಗೆ ಕಳಿಸುತ್ತಾರೆ. ಸ್ವಲ್ಪ ಹೊತ್ತು ತಡವಾಗಬಹುದು, ಆದರೆ ಕಣ್ಣು ಉಳಿಯುತ್ತದೆ.

ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವವರಿಗೂ ಇದೇ ಮಾತು. ಹೊಲಿಗೆ ಯಂತ್ರದ ಸೂಜಿ ಬೆರಳಿಗೆ ಹೊಕ್ಕು ತುದಿ ಮುರಿದಿದ್ದು ನೆನಪಿದೆಯೇ? ಪೂರ್ತಿ ತೆಗೆದರೋ ಇಲ್ಲವೋ ಗೊತ್ತಿಲ್ಲವೇ? ಅದನ್ನೂ ಹೇಳಿ. ರಫ್ತು ಫ್ಯಾಕ್ಟರಿಗಳಲ್ಲಿ ಸೂಜಿ ಮುರಿದರೆ ಎಲ್ಲ ತುಂಡುಗಳನ್ನೂ ಲೆಕ್ಕ ಒಪ್ಪಿಸುವ ಪದ್ಧತಿ ಇದೆ, ಬಟ್ಟೆಯಲ್ಲಿ ಉಳಿಯಬಾರದು ಎಂದು. ನಿಮ್ಮ ಮೈಗೂ ಅಷ್ಟೇ ಎಚ್ಚರಿಕೆ ಬೇಕು.

ಐಟಿಯವರು ಸ್ಮಾರ್ಟ್‌ವಾಚ್ ಮತ್ತು ಐಡಿ ಕಾರ್ಡ್ ಹೊರಗಿಡಿ. ಡೆಬಿಟ್ ಕಾರ್ಡ್‌ನ ಮ್ಯಾಗ್ನೆಟಿಕ್ ಪಟ್ಟಿ ಅಳಿಸಿಹೋಗಬಹುದು. ತೋಳಿಗೆ ಅಂಟಿಸಿಕೊಳ್ಳುವ ಸಕ್ಕರೆ ಸೆನ್ಸರ್, ಇನ್ಸುಲಿನ್ ಪಂಪ್ ಇದ್ದರೆ ತಿಳಿಸಿ. ಜಿಮ್‌ಗೆ ಹಾಕುವ ಕೆಲವು ಬಟ್ಟೆಗಳಲ್ಲಿ ಬೆವರಿನ ವಾಸನೆ ತಡೆಯಲು ಬೆಳ್ಳಿ ಅಥವಾ ತಾಮ್ರದ ಸಣ್ಣ ಎಳೆ ಸೇರಿಸಿರುತ್ತಾರೆ. ಅದು ಸ್ಕ್ಯಾನ್‌ನಲ್ಲಿ ಬಿಸಿಯಾಗಿ ಚರ್ಮ ಸುಟ್ಟ ಉದಾಹರಣೆಗಳಿವೆ. ಆದ್ದರಿಂದ ಆಸ್ಪತ್ರೆಯ ಗೌನನ್ನೇ ಹಾಕಿಕೊಳ್ಳಿ.

ದಿನ ಗೊತ್ತುಮಾಡುವಾಗ, ಮನೆಯಿಂದ ಹೊರಡುವಾಗ

ಮುಟ್ಟು ಆಗುತ್ತಿರುವವರಿಗೆ, ಮುಟ್ಟು ಶುರುವಾದ 7ನೇ ದಿನದಿಂದ 14ನೇ ದಿನದ ನಡುವೆ ಸ್ಕ್ಯಾನ್ ಮಾಡಿಸಿದರೆ ಚಿತ್ರ ಹೆಚ್ಚು ಸ್ಪಷ್ಟ. ಉಳಿದ ದಿನಗಳಲ್ಲಿ ಹಾರ್ಮೋನ್ ಪ್ರಭಾವದಿಂದ ಸಹಜವಾದ ಗ್ರಂಥಿಯೂ ಡೈ ಹೀರಿಕೊಂಡು ಹೊಳೆಯುತ್ತದೆ. ಆಗ ಇಲ್ಲದ ಅನುಮಾನ ಹುಟ್ಟುತ್ತದೆ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗ ಕೊನೆಯ ಮುಟ್ಟಿನ ದಿನಾಂಕ ಹೇಳಿ. ಆದರೆ ಈಗಾಗಲೇ ಕ್ಯಾನ್ಸರ್ ಪತ್ತೆಯಾಗಿದ್ದರೆ ಇದಕ್ಕಾಗಿ ಕಾಯುತ್ತಾ ಕೂರಬೇಡಿ, ಡಾಕ್ಟರ್ ಹೇಳಿದ ದಿನವೇ ಹೋಗಿ.

ಬಸುರಿಯಾಗಿರುವ ಸಾಧ್ಯತೆ ಇದ್ದರೆ ಮುಚ್ಚಿಡದೆ ಹೇಳಿ, ಆಗ ಡೈ ಕೊಡುವುದನ್ನು ತಪ್ಪಿಸುತ್ತಾರೆ. ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ ಇದ್ದವರಿಗೆ ಮೊದಲು ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಲು ಹೇಳಬಹುದು. ಹೊಟ್ಟೆ ಖಾಲಿ ಇರಬೇಕೇ ಎಂಬುದು ಕೇಂದ್ರದಿಂದ ಕೇಂದ್ರಕ್ಕೆ ಬೇರೆ, ಫೋನ್ ಮಾಡಿ ಕೇಳಿಕೊಳ್ಳಿ. ಹಳೆಯ ಮ್ಯಾಮೋಗ್ರಾಮ್, ಅಲ್ಟ್ರಾಸೌಂಡ್ ಫಿಲಂ ಮತ್ತು ರಿಪೋರ್ಟ್‌ಗಳನ್ನು ಮರೆಯಬೇಡಿ. ಹೋಲಿಸಿ ನೋಡಲು ಹಳೆಯ ಚಿತ್ರ ಇಲ್ಲದಿದ್ದರೆ ಹಳೆಯ ನಿರುಪದ್ರವಿ ಗಂಟೂ ಹೊಸದಾಗಿ ಕಾಣುತ್ತದೆ.

ಬಳೆ, ಓಲೆ, ಮೂಗುಬಟ್ಟು, ಕಾಲುಂಗುರ, ಹೇರ್‌ಪಿನ್, ಸೀರೆಯ ಪಿನ್ನು, ಹುಕ್ ಇರುವ ಒಳಉಡುಪು ಎಲ್ಲವನ್ನೂ ತೆಗೆಯಬೇಕು. ಜರಿ ಇರುವ ಬಟ್ಟೆ ಬೇಡ. ಬಿಗಿಯಾಗಿ ಕೂತಿರುವ ಮೂಗುಬಟ್ಟು, ಕಾಲುಂಗುರವನ್ನು ಅಲ್ಲಿ ಹೋಗಿ ಎಳೆದಾಡುವ ಬದಲು ಹಿಂದಿನ ರಾತ್ರಿ ಮನೆಯಲ್ಲೇ ಬಿಚ್ಚಿಡಿ.

ತಾಳಿಯ ವಿಷಯಕ್ಕೆ ಅನೇಕರು ಹಿಂಜರಿಯುತ್ತಾರೆ. ಚಿನ್ನ ಅಯಸ್ಕಾಂತಕ್ಕೆ ಅಂಟುವುದಿಲ್ಲ ನಿಜ. ಆದರೆ ಅದರ ಕೊಂಡಿಯಲ್ಲಿ, ಕರಿಮಣಿ ಪೋಣಿಸಿದ ತಂತಿಯಲ್ಲಿ ಬೇರೆ ಲೋಹ ಇರಬಹುದು. ಅಲ್ಲದೆ ಎದೆಯ ಮೇಲೆಯೇ ಇರುವ ಲೋಹ, ಚಿತ್ರದಲ್ಲಿ ನೋಡಬೇಕಾದ ಜಾಗವನ್ನೇ ಕಪ್ಪಾಗಿಸುತ್ತದೆ. ಕೊರಳು ಬರಿದಾಗಬಾರದು ಎನ್ನುವವರು ಅರಿಶಿನ ಕೊಂಬು ಕಟ್ಟಿದ ಹತ್ತಿಯ ದಾರ ಹಾಕಿಕೊಳ್ಳುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಅದನ್ನು ಇಟ್ಟುಕೊಳ್ಳಬಹುದೇ ಎಂದು ಸಿಬ್ಬಂದಿಯನ್ನು ಕೇಳಿ. ಒಡವೆಯನ್ನು ಜೊತೆಗೆ ಬಂದವರ ಕೈಗೆ ಕೊಟ್ಟಿರಿ.

ಕೊಠಡಿಯೊಳಗೆ ಏನಾಗುತ್ತದೆ?

ಮುಂದೆ ತೆರೆದುಕೊಳ್ಳುವಂತೆ ಗೌನ್ ಹಾಕಿಸುತ್ತಾರೆ. ಕೈಯ ರಕ್ತನಾಳಕ್ಕೆ ಸಣ್ಣ ಸೂಜಿ ಹಾಕಿ ಟ್ಯೂಬ್ ಜೋಡಿಸುತ್ತಾರೆ, ಆಮೇಲೆ ಡೈ ಕೊಡುವುದಕ್ಕೆ.

ನಂತರ ಮೇಜಿನ ಮೇಲೆ ಬೋರಲು ಮಲಗಬೇಕು. ಮೇಜಿನಲ್ಲಿ ಎರಡು ಕುಳಿಗಳಿರುವ ಮೆತ್ತೆಯಂಥ ಚೌಕಟ್ಟು ಇರುತ್ತದೆ. ಸ್ತನಗಳು ಆ ಕುಳಿಗಳಲ್ಲಿ ಸಹಜವಾಗಿ ಇಳಿಬಿದ್ದಿರುತ್ತವೆ. ಮ್ಯಾಮೋಗ್ರಾಮ್‌ನ ಹಾಗೆ ಗಟ್ಟಿಯಾಗಿ ಒತ್ತುವುದಿಲ್ಲ. ಮುಖವನ್ನು ತೂತಿರುವ ದಿಂಬಿನ ಮೇಲೆ ಇಟ್ಟು, ಕೈಗಳನ್ನು ತಲೆಯಾಚೆ ಚಾಚಬೇಕು. ಎರಡೂ ಅಂಗೈಗಳನ್ನು ಒಂದಕ್ಕೊಂದು ಹೆಣೆದುಕೊಳ್ಳಬೇಡಿ. ಚರ್ಮಕ್ಕೆ ಚರ್ಮ ತಾಗಿದ ಕಡೆ ಬಿಸಿಯಾಗುವ ಸಾಧ್ಯತೆ ಇದೆ.

ಸರಿಹೊಂದಿಸುವ ಸಿಬ್ಬಂದಿ ಗಂಡಸಾಗಿದ್ದರೆ ಮುಜುಗರವಾಗುವುದು ಸಹಜ. ಮಹಿಳಾ ಸಿಬ್ಬಂದಿ ಬೇಕು ಎಂದು ಅಪಾಯಿಂಟ್‌ಮೆಂಟ್ ಸಮಯದಲ್ಲೇ ಕೇಳಿ. ಪುರುಷ ವೈದ್ಯರು ಮಹಿಳೆಯ ದೇಹ ಪರೀಕ್ಷೆ ಮಾಡುವಾಗ ಇನ್ನೊಬ್ಬ ಮಹಿಳೆ ಜೊತೆಗಿರಬೇಕು ಎಂಬುದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಗಳ ಸನ್ನದಿನಲ್ಲೇ ಇದೆ. ಕೇಳುವುದಕ್ಕೆ ಸಂಕೋಚ ಬೇಡ.

ಕಿವಿಗೆ ಹತ್ತಿ ಅಥವಾ ಹೆಡ್‌ಫೋನ್, ಕೈಗೆ ಒಂದು ರಬ್ಬರ್ ಚೆಂಡು ಕೊಡುತ್ತಾರೆ. ಏನಾದರೂ ತೊಂದರೆ ಅನ್ನಿಸಿದರೆ ಅದನ್ನು ಅಮುಕಿದರೆ ಸಾಕು, ಹೊರಗಿರುವವರಿಗೆ ಗೊತ್ತಾಗುತ್ತದೆ. ಅವರು ಗಾಜಿನ ಆಚೆಯಿಂದ ನೋಡುತ್ತಿರುತ್ತಾರೆ, ಮೈಕ್‌ನಲ್ಲಿ ಮಾತಾಡುತ್ತಾರೆ.

ಮೇಜು ಒಳಗೆ ಸರಿದ ಮೇಲೆ ಸದ್ದು ಶುರು. ಟಕಟಕ, ಗರ್ರ್, ಡಬಡಬ ಎಂದು ಬಗೆಬಗೆಯಾಗಿ. ಯಂತ್ರದೊಳಗಿನ ತಂತಿಸುರುಳಿಗಳಲ್ಲಿ ಕರೆಂಟ್ ಬಲು ವೇಗವಾಗಿ ಬದಲಾದಾಗ ಅವು ಅದುರಿ ಈ ಸದ್ದು ಬರುತ್ತದೆ. ಪವರ್ ಪ್ರೆಸ್ ಶೆಡ್‌ನಲ್ಲಿ ದುಡಿದವರಿಗೆ ಇದು ಹೊಸದು ಅನ್ನಿಸದು. ಯಂತ್ರ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಸದ್ದು ನಿಂತಿತು ಎಂದು ಏಳಲೂ ಬೇಡಿ, ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಬಿಡುವು ಇರುತ್ತದೆ.

ಒಟ್ಟು 30ರಿಂದ 45 ನಿಮಿಷ. ಕಷ್ಟದ ಸಂಗತಿ ಎಂದರೆ ಅಲುಗಾಡದೆ ಮಲಗುವುದು. ಎದೆಯ ಮೂಳೆ ಒತ್ತುತ್ತದೆ, ಭುಜ ಜೋಮು ಹಿಡಿಯುತ್ತದೆ, ಮೂಗು ತುರಿಸುತ್ತದೆ. ಮಲಗಿದ ಮೊದಲ ನಿಮಿಷದಲ್ಲೇ ಎಲ್ಲಾದರೂ ನೋಯುತ್ತಿದ್ದರೆ ‘ಪರವಾಗಿಲ್ಲ’ ಎನ್ನದೆ ಆಗಲೇ ಹೇಳಿ, ಇನ್ನೊಂದು ದಿಂಬು ಇಡುತ್ತಾರೆ. ನಡುವೆ ಅಲುಗಿದರೆ ಮೊದಲಿಂದ ಮಾಡಬೇಕಾಗಬಹುದು. ಉಸಿರಾಟ ಮಾಮೂಲಿಯಾಗಿರಲಿ.

ಇಕ್ಕಟ್ಟಾದ ಜಾಗಕ್ಕೆ ಹೆದರುವವರು ಮೊದಲೇ ತಿಳಿಸಿ. ಈ ಸ್ಕ್ಯಾನ್‌ನಲ್ಲಿ ಮುಖ ಕೆಳಗಿರುವುದರಿಂದ ಯಂತ್ರದ ಮಾಡು ಕಣ್ಣಿಗೆ ಬೀಳುವುದಿಲ್ಲ. ಕೆಲವು ಕಡೆ ಕಾಲು ಮುಂದಾಗಿಯೂ ಒಳಗೆ ಕಳಿಸುತ್ತಾರೆ. ಕಣ್ಣು ಮುಚ್ಚಿಯೇ ಒಳಗೆ ಹೋಗುವುದು ಅನೇಕರಿಗೆ ಅನುಕೂಲ. ತುಂಬಾ ಭಯವಿದ್ದರೆ ಡಾಕ್ಟರ್ ಮಾತ್ರೆ ಕೊಡಬಹುದು. ಆ ದಿನ ಗಾಡಿ ಓಡಿಸಬೇಡಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ಮಾತ್ರೆ ತೆಗೆದುಕೊಳ್ಳದಿದ್ದರೆ ಸ್ಕ್ಯಾನ್ ಮುಗಿದ ತಕ್ಷಣ ಊಟ, ಕೆಲಸ ಎಲ್ಲ ಎಂದಿನಂತೆ.

ಡೈ ಹಾಕಿದರೆ ಕಿಡ್ನಿ ಹೋಗುತ್ತದೆಯೇ?

ಈ ಮಾತಿನಲ್ಲಿ ಒಂದು ಎಳೆ ನಿಜವಿದೆ. ಅದಕ್ಕೇ ಅದು ಇಷ್ಟು ಹರಡಿದೆ.

ಇಲ್ಲಿ ಕೊಡುವ ಡೈಯಲ್ಲಿ ಗಡೋಲಿನಿಯಂ ಎಂಬ ಧಾತು ಇದೆ. ಸಿ.ಟಿ. ಸ್ಕ್ಯಾನ್‌ನ ಅಯೋಡಿನ್ ಡೈಯೇ ಬೇರೆ. ಕ್ಯಾನ್ಸರ್ ಗಡ್ಡೆಗಳು ತಮಗೆ ಬೇಕಾದ ರಕ್ತನಾಳಗಳನ್ನು ಬೆಳೆಸಿಕೊಳ್ಳುತ್ತವೆ. ಆ ನಾಳಗಳು ಸೋರುವಂಥವು. ಹಾಗಾಗಿ ಡೈ ಅಲ್ಲಿಗೆ ಬೇಗ ನುಗ್ಗಿ, ಅನೇಕ ಸಲ ಬೇಗ ಹೊರಗೂ ಹೋಗುತ್ತದೆ. ಡೈ ಕೊಟ್ಟ ಮೊದಲ ಎರಡು ನಿಮಿಷದ ಚಿತ್ರಗಳು ಇದಕ್ಕೇ ಬಹಳ ಮುಖ್ಯ. ಗಡ್ಡೆಯ ಹುಡುಕಾಟಕ್ಕೆ ಡೈ ಇಲ್ಲದ ಸ್ತನದ ಎಂಆರ್‌ಐ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ಡೈ ಹೋಗುವಾಗ ಕೈ ತಣ್ಣಗಾಗಬಹುದು, ಬಾಯಲ್ಲಿ ಲೋಹದ ರುಚಿ ಬರಬಹುದು, ಕೆಲವರಿಗೆ ವಾಕರಿಕೆ. ತೀವ್ರ ಅಲರ್ಜಿ ಬಲು ಅಪರೂಪ. ಆದರೂ ಅದಕ್ಕೆ ಬೇಕಾದ ಔಷಧಿ ಅಲ್ಲೇ ಇರುತ್ತದೆ. ಹಿಂದೆ ಯಾವುದಾದರೂ ಡೈಗೆ ಅಲರ್ಜಿ ಆಗಿದ್ದರೆ ತಿಳಿಸಿ.

ಕಿಡ್ನಿಯ ವಿಷಯ: ಕಿಡ್ನಿ ಬಹುತೇಕ ನಿಂತೇಹೋದ, ಡಯಾಲಿಸಿಸ್‌ನಲ್ಲಿರುವ ಕೆಲವರಲ್ಲಿ ಹಳೆಯ ಬಗೆಯ ಗಡೋಲಿನಿಯಂ ಡೈ ಚರ್ಮ ಮತ್ತು ಒಳ ಅಂಗಗಳು ಗಟ್ಟಿಯಾಗುವ ಗಂಭೀರ ಕಾಯಿಲೆ ತಂದದ್ದು 2006ರ ಹೊತ್ತಿಗೆ ಬೆಳಕಿಗೆ ಬಂತು. ಅಂದಿನಿಂದ ಇಂಥವರನ್ನು ಮೊದಲೇ ಗುರುತಿಸಲಾಗುತ್ತದೆ, ಹೆಚ್ಚು ಸ್ಥಿರವಾದ ಡೈಗಳನ್ನು ಬಳಸಲಾಗುತ್ತದೆ. ಈಗ ಆ ಕಾಯಿಲೆ ತೀರಾ ವಿರಳ. ಕಿಡ್ನಿ ಚೆನ್ನಾಗಿರುವವರ ಕಿಡ್ನಿಯನ್ನು ಈ ಡೈ ಹಾಳುಮಾಡುತ್ತದೆ ಎಂಬುದು ಸರಿಯಲ್ಲ. ಅತಿ ಸಣ್ಣ ಪ್ರಮಾಣ ಮೈಯಲ್ಲಿ ಬಹುಕಾಲ ಉಳಿಯುತ್ತದೆ ಎಂಬುದು ನಿಜ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಈ ಬಗ್ಗೆ ಎಚ್ಚರಿಕೆ ಸೇರಿಸಲು ಹೇಳಿತು. ಕಿಡ್ನಿ ಸರಿಯಿರುವವರಲ್ಲಿ ಇದರಿಂದ ನೇರವಾಗಿ ಹಾನಿಯಾದದ್ದು ಕಂಡುಬಂದಿಲ್ಲ ಎಂದೂ ಆಗ ತಿಳಿಸಿತು. ಕಾರಣವಿಲ್ಲದೆ ಮತ್ತೆ ಮತ್ತೆ ಮಾಡಿಸಬಾರದು, ಕಾರಣವಿದ್ದಾಗ ತಪ್ಪಿಸಬಾರದು ಎಂದು ಇದರ ತಾತ್ಪರ್ಯ.

ಹಾಲುಣಿಸುವ ತಾಯಂದಿರು? ಡೈಯ ತೀರಾ ಅತ್ಯಲ್ಪ ಪಾಲು ಮಾತ್ರ ಹಾಲಿಗೆ ಸೇರುತ್ತದೆ. ಹಾಲು ಕುಡಿಸುವುದನ್ನು ನಿಲ್ಲಿಸಬೇಕಿಲ್ಲ ಎಂಬುದು ಅಮೆರಿಕದ ರೇಡಿಯಾಲಜಿ ಕಾಲೇಜಿನ ಸಲಹೆ.

ರಿಪೋರ್ಟ್ ಫೋನಿಗೆ ಬಂದಾಗ

ಈಗ ರಿಪೋರ್ಟ್ ಡಾಕ್ಟರ್‌ಗಿಂತ ಮೊದಲು ನಿಮ್ಮ ಫೋನ್‌ಗೇ ಬರುತ್ತದೆ. ಅದರ ಕೊನೆಯಲ್ಲಿ ‘ಬೈ-ರಾಡ್ಸ್’ ಎಂದು ಒಂದು ಸಂಖ್ಯೆ ಇರುತ್ತದೆ. ಅನೇಕರು ಇದನ್ನು ಕ್ಯಾನ್ಸರ್‌ನ ಹಂತ ಎಂದುಕೊಂಡು ಕುಸಿದುಹೋಗುತ್ತಾರೆ. ‘4 ಅಂತಿದೆ, ನಾಲ್ಕನೇ ಸ್ಟೇಜ್’ ಎಂದು ಮನೆಯಲ್ಲಿ ಅಳು ಶುರುವಾಗುತ್ತದೆ. ಇದು ಹಂತವಲ್ಲ, ಅನುಮಾನದ ಪ್ರಮಾಣ.

• 0: ಇನ್ನಷ್ಟು ಪರೀಕ್ಷೆ ಬೇಕು, ಈಗಲೇ ಏನೂ ಹೇಳಲಾಗದು.
• 1: ಏನೂ ಇಲ್ಲ.
• 2: ಕಂಡದ್ದು ನಿರುಪದ್ರವಿ.
• 3: ಬಹುಮಟ್ಟಿಗೆ ನಿರುಪದ್ರವಿ. ಕ್ಯಾನ್ಸರ್ ಸಾಧ್ಯತೆ ಶೇ. 2 ಮೀರದು. ಕೆಲವು ತಿಂಗಳ ನಂತರ ಮತ್ತೆ ನೋಡುತ್ತಾರೆ.
• 4: ಅನುಮಾನವಿದೆ, ಬಯಾಪ್ಸಿ ಬೇಕು. ಸಾಧ್ಯತೆ ಶೇ. 2ರಿಂದ 95ರ ನಡುವೆ ಎಲ್ಲಿ ಬೇಕಾದರೂ ಇರಬಹುದು.
• 5: ಬಲವಾದ ಅನುಮಾನ.
• 6: ಬಯಾಪ್ಸಿಯಲ್ಲಿ ಈಗಾಗಲೇ ಖಚಿತವಾಗಿರುವ ಕ್ಯಾನ್ಸರ್.

ಎಂಆರ್‌ಐ ತುಂಬಾ ಸೂಕ್ಷ್ಮ. ಸಣ್ಣದನ್ನೂ ಬಿಡದೆ ತೋರಿಸುತ್ತದೆ. ಅದರ ಬೆಲೆ ಎಂದರೆ ಸುಳ್ಳು ಎಚ್ಚರಿಕೆಗಳು. ನೆದರ್‌ಲ್ಯಾಂಡ್ಸ್‌ನಲ್ಲಿ ಸ್ತನದ ಗ್ರಂಥಿ ಅತಿ ದಟ್ಟವಾಗಿದ್ದು ಮ್ಯಾಮೋಗ್ರಾಮ್ ಸರಿ ಬಂದಿದ್ದ 50ರಿಂದ 75 ವರ್ಷದ ಸುಮಾರು 40 ಸಾವಿರ ಮಹಿಳೆಯರ ಮೇಲೆ ನಡೆದ ‘ಡೆನ್ಸ್’ ಅಧ್ಯಯನದ ಫಲಿತಾಂಶ 2019ರಲ್ಲಿ ಬಂತು. ಮೊದಲ ಸುತ್ತಿನಲ್ಲಿ ಎಂಆರ್‌ಐ ಮಾಡಿಸಿಕೊಂಡ ಪ್ರತಿ 1000 ಮಂದಿಯಲ್ಲಿ ಸುಮಾರು 16 ಮಂದಿಗೆ ಕ್ಯಾನ್ಸರ್ ಸಿಕ್ಕಿತು. ಸುಮಾರು 80 ಮಂದಿಗೆ ಅನುಮಾನ ಎಂದು ಹೇಳಿ ಕೊನೆಗೆ ಏನೂ ಇಲ್ಲ ಎಂದಾಯಿತು. ಬಯಾಪ್ಸಿವರೆಗೂ ಹೋದವರಲ್ಲಿ ಕೂಡ ಸುಮಾರು ನಾಲ್ವರಲ್ಲಿ ಒಬ್ಬರಿಗಷ್ಟೇ ಕ್ಯಾನ್ಸರ್ ಇತ್ತು.

ಎಂಆರ್‌ಐನಲ್ಲಿ ಏನಾದರೂ ಕಂಡರೆ ಸಾಮಾನ್ಯವಾಗಿ ಅದೇ ಜಾಗಕ್ಕೆ ಮತ್ತೆ ಅಲ್ಟ್ರಾಸೌಂಡ್ ಮಾಡಿ, ಬೇಕಾದರೆ ಬಯಾಪ್ಸಿ ಮಾಡುತ್ತಾರೆ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳುವುದು ಆ ಬಯಾಪ್ಸಿಯೇ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯಕ್ಕೆ ಬಯಾಪ್ಸಿ ಬಿಟ್ಟವರು ಬಹಳ. ಸ್ತನದ ಸೂಜಿ ಬಯಾಪ್ಸಿಯಿಂದ ಕಾಯಿಲೆ ಹರಡಿ ಬದುಕುಳಿಯುವ ಸಾಧ್ಯತೆ ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಪರೀಕ್ಷೆ ಬಿಟ್ಟು ಕಾದರೆ ಕಾಯಿಲೆ ತಾನಾಗಿಯೇ ಮುಂದುವರಿಯುತ್ತದೆ. ಆಮೇಲೆ ‘ಸೂಜಿ ಚುಚ್ಚಿದ್ದಕ್ಕೇ ಹರಡಿತು’ ಎಂಬ ಮಾತು ಹುಟ್ಟುತ್ತದೆ.

ದುಡ್ಡು ಮತ್ತು ರಜೆ

ಇಎಸ್‌ಐ ಕಾರ್ಡ್ ಇದ್ದವರು ತಮ್ಮ ಡಿಸ್ಪೆನ್ಸರಿಯ ಡಾಕ್ಟರ್ ಮೂಲಕ ರೆಫರಲ್ ಪಡೆದು ಹೋಗಬೇಕು. ಪೀಣ್ಯ ಮತ್ತು ರಾಜಾಜಿನಗರದಲ್ಲಿ ಇಎಸ್‌ಐ ಆಸ್ಪತ್ರೆಗಳಿವೆ. ನೇರವಾಗಿ ಖಾಸಗಿ ಕೇಂದ್ರಕ್ಕೆ ಹೋಗಿ ಆಮೇಲೆ ಬಿಲ್ ಕೊಟ್ಟರೆ ತೊಡಕಾಗಬಹುದು. ಹೊಸೂರು ರಸ್ತೆಯ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಿಂದ ಇರುವ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಬಗ್ಗೆ ಅಲ್ಲಿ ವಿಚಾರಿಸಿ. ಕಂಪನಿ ಇನ್ಶೂರೆನ್ಸ್ ಇರುವವರು ಗಮನಿಸಿ: ಅನೇಕ ಪಾಲಿಸಿಗಳು ಅಡ್ಮಿಟ್ ಆಗದೆ ಮಾಡಿಸಿದ ಸ್ಕ್ಯಾನ್‌ಗೆ ಹಣ ಕೊಡುವುದಿಲ್ಲ. ಎಚ್‌ಆರ್ ಅನ್ನು ಮೊದಲೇ ಕೇಳಿಕೊಳ್ಳಿ.

ಏನೂ ತೊಂದರೆ ಇಲ್ಲದವರೂ ಮಾಡಿಸಬೇಕೇ?

ಬೇಡ. ಅಪಾಯ ಹೆಚ್ಚಿಲ್ಲದವರಿಗೆ ಎಂಆರ್‌ಐ ಮೊದಲ ಪರೀಕ್ಷೆಯಲ್ಲ. ಕಂಪನಿ ಕ್ಯಾಂಪ್‌ಗಳಲ್ಲಿ ಕೆಲವೊಮ್ಮೆ ಮೈಯ ಬಿಸಿ ಅಳೆಯುವ ಥರ್ಮಲ್ ಸ್ಕ್ಯಾನ್ ಮಾಡುತ್ತಾರೆ. ಅದು ಮ್ಯಾಮೋಗ್ರಾಮ್‌ಗೆ ಬದಲಿಯಲ್ಲ ಎಂದು ಎಫ್‌ಡಿಎ ಹೇಳಿದೆ.

ನಮ್ಮ ದೇಶದ ಕಾರ್ಯಕ್ರಮ ಹೇಳುವುದು ಬಹಳ ಸರಳವಾದದ್ದು: 30 ದಾಟಿದ ಮಹಿಳೆಯರು ಐದು ವರ್ಷಕ್ಕೊಮ್ಮೆ ತರಬೇತಿ ಪಡೆದ ಆರೋಗ್ಯ ಸಿಬ್ಬಂದಿಯಿಂದ ಕೈಯಲ್ಲೇ ಸ್ತನ ಪರೀಕ್ಷೆ ಮಾಡಿಸಿಕೊಳ್ಳಬೇಕು. ಇದು ಕೆಲಸಕ್ಕೆ ಬಾರದ್ದು ಎಂದುಕೊಳ್ಳಬೇಡಿ. ಮುಂಬೈನಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಒಂದೂವರೆ ಲಕ್ಷ ಮಹಿಳೆಯರನ್ನು 20 ವರ್ಷ ಗಮನಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅಲ್ಲಿ ಎರಡು ವರ್ಷಕ್ಕೊಮ್ಮೆ ಇಂಥ ಪರೀಕ್ಷೆ ನಡೆಯುತ್ತಿತ್ತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಯಿತು.

ಗಂಟು, ಚರ್ಮ ಕುಳಿಬೀಳುವುದು, ತೊಟ್ಟು ಒಳಗೆ ಸೇರುವುದು, ತೊಟ್ಟಿನಿಂದ ರಕ್ತ, ಕಂಕುಳಲ್ಲಿ ಗಂಟು. ಇವುಗಳಲ್ಲಿ ಯಾವುದೇ ಕಂಡರೂ ನೋವಿಲ್ಲ ಎಂದು ಸುಮ್ಮನಿರಬೇಡಿ. ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ.

ಗ್ರೂಪ್‌ನಲ್ಲಿ ಮುಂದಿನ ಸಲ ಯಾರಾದರೂ ‘ಎಂಆರ್‌ಐ ಬರೆದಿದ್ದಾರೆ, ಏನು ಮಾಡಲಿ?’ ಎಂದು ಕೇಳಿದರೆ ಮೂರೇ ಮಾತು ಕಳಿಸಿ: ಅದರಲ್ಲಿ ಎಕ್ಸ್‌ರೇ ಇಲ್ಲ. ಮೈಯಲ್ಲಿ, ಕಣ್ಣಲ್ಲಿ ಲೋಹ ಇದ್ದರೆ ಮರೆಯದೆ ಹೇಳು. ಒಬ್ಬಳೇ ಹೋಗಬೇಡ, ನಾನು ಜೊತೆಗೆ ಬರುತ್ತೇನೆ.